ಸರ್ಟಿಫಿಕೇಟ್ ಬಂತು, ವಿದ್ಯೆ ಬರಲಿಲ್ಲ



ಈ ಸಲದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮಾತು ಆಫೀಸಿನ ಆನ್‌ಲೈನ್ ತರಬೇತಿಯತ್ತ ಹೊರಳಿತು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ಎರಡು ವರ್ಷಕ್ಕೊಮ್ಮೆ ಕೊಡಲೇಬೇಕಾದ, ಲೈಂಗಿಕ ಕಿರುಕುಳ ತಡೆಯುವ ತರಬೇತಿ ಅದು. ನೌಕರರಿಗೆ 1 ಗಂಟೆ, ಮೇಲ್ವಿಚಾರಕರಿಗೆ 2 ಗಂಟೆ. "ವಿಡಿಯೋ ಓಡಲು ಬಿಟ್ಟು ಹುಳಿಗೆ ಹುರುಳಿಕಾಯಿ ಹೆಚ್ಚಿದೆ" ಎಂದರು ಒಬ್ಬರು. ಎಲ್ಲರೂ ನಕ್ಕೆವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಆಗ ಕೇಳಿದಳು: "ಅಂಕಲ್, ನಿಜವಾಗಿ ಹಾಗೇನಾದರೂ ಆದರೆ ಯಾರಿಗೆ ಹೇಳಬೇಕು?"

ಅಲ್ಲಿದ್ದವರೆಲ್ಲ ಸರ್ಟಿಫಿಕೇಟ್ ಪಡೆದವರು. ಕೆಲವರು ಮ್ಯಾನೇಜರುಗಳು. ಒಬ್ಬರ ಬಾಯಿಂದಲೂ ಉತ್ತರ ಹೊರಡಲಿಲ್ಲ.

ಇದಕ್ಕೆ ನೌಕರರ ಸೋಮಾರಿತನವೇ ಕಾರಣ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಕೆಲಸದ ಹೊರೆ ಒಂದಿಷ್ಟೂ ಇಳಿಸದೆ, "ಶುಕ್ರವಾರದೊಳಗೆ ಮುಗಿಸಿ" ಎಂದು ಮೂರು ಸಲ ನೆನಪೋಲೆ ಕಳಿಸಿದರೆ ಯಾರಾದರೂ ಹುರುಳಿಕಾಯಿಯನ್ನೇ ಹೆಚ್ಚುತ್ತಾರೆ. ಈ ತರಬೇತಿಯನ್ನು ನೌಕರರ ಸ್ವಂತ ಸಮಯದಲ್ಲಿ ಮಾಡಿಸುವಂತಿಲ್ಲ ಎಂದು ರಾಜ್ಯವೇ ಹೇಳುತ್ತದೆ. ಆದರೂ ಎಷ್ಟು ಮನೆಗಳಲ್ಲಿ ಅದು ನಡೆಯುವುದು ರಾತ್ರಿ ಊಟವಾದ ಮೇಲೆ? ನಿಮ್ಮ ಮನೆಯನ್ನೇ ನೋಡಿಕೊಳ್ಳಿ.

ಆನ್‌ಲೈನ್ ಪಾಠವೇ ನಿಷ್ಪ್ರಯೋಜಕ ಎನ್ನುವವರ ಮಾತನ್ನೂ ಒಪ್ಪೆವು. ದೋಷ ಪರದೆಯದಲ್ಲ, ಅದನ್ನು ಬಳಸುವ ರೀತಿಯದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ವಾರದ ಬಳಿಕ ಹೆಚ್ಚು ನೆನಪಿತ್ತು. ನಮ್ಮೂರ ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದುದೂ ಇದೇ ತಾನೆ? ಆಫೀಸಿನ ಪಾಠದಲ್ಲಾದರೋ ಎರಡನೇ ನಿಮಿಷದಲ್ಲಿ ಹೇಳಿದ್ದನ್ನು ಮೂರನೇ ನಿಮಿಷದಲ್ಲಿ ಕೇಳಿ, ತಪ್ಪಾದರೆ ಇನ್ನೊಮ್ಮೆ ಒತ್ತಲು ಬಿಟ್ಟು, ಎರಡು ವರ್ಷ ಸುಮ್ಮನಾಗುತ್ತಾರೆ.

ಇನ್ನು ಅಳತೆಯ ಮಾತು. ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದರು: ಕಲಿತವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ನಡತೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ನಮ್ಮ ಆಫೀಸುಗಳು ಎಣಿಸುವುದು ಐದನೆಯದೊಂದನ್ನು: ಎಷ್ಟು ಮಂದಿ ಮುಗಿಸಿದರು? ನೂರಕ್ಕೆ ನೂರು ಎಂದು ಮೇಲಿನವರಿಗೆ ವರದಿ ಹೋಗುತ್ತದೆ. ಕೇಸು ಬಿದ್ದರೆ ತೋರಿಸಲು ಕಾಗದವಿದೆ. ಹುಡುಗಿಗೆ ಹೇಳಲು ಉತ್ತರವಿಲ್ಲ.

ಕ್ಯಾಲಿಫೋರ್ನಿಯಾದ ನಿಯಮ ಒಂದು ವಿಷಯದಲ್ಲಿ ನಮಗಿಂತ ಜಾಣ. ಆನ್‌ಲೈನ್ ಪಾಠವಾದರೂ ಪ್ರಶ್ನೆ ಕೇಳಲು ತರಬೇತುದಾರರೊಬ್ಬರು ಇರಬೇಕು, ಎರಡು ಕೆಲಸದ ದಿನಗಳೊಳಗೆ ಉತ್ತರ ಸಿಗಬೇಕು ಎಂದು ಅದು ವಿಧಿಸುತ್ತದೆ. ಅಂದರೆ ಯಂತ್ರದ ಹಿಂದೆ ಮನುಷ್ಯ ಬೇಕೇ ಬೇಕು. ನಮ್ಮಲ್ಲಿ ಎಷ್ಟು ಮಂದಿ ಆ ಸೌಲಭ್ಯವನ್ನು ಬಳಸಿದ್ದೇವೆ?

ಆ ಮಗುವಿಗೆ ತಡವಾಗಿಯಾದರೂ ಉತ್ತರ ಹೇಳುತ್ತೇವೆ. ನಿನ್ನ ಮೇಲಧಿಕಾರಿಗೇ ದೂರಬೇಕೆಂದಿಲ್ಲ. ದೂರು ಕೊಡಲು ಬೇರೆ ದಾರಿಯನ್ನೂ ಸಂಸ್ಥೆ ಇಟ್ಟಿರಬೇಕು. ದೂರು ಕೇಳಿದ ಮೇಲ್ವಿಚಾರಕ ಅದನ್ನು ಗೊತ್ತುಪಡಿಸಿದ ಅಧಿಕಾರಿಗೆ ತಲುಪಿಸಲೇಬೇಕು. ರಾಜ್ಯದ ಸಿವಿಲ್ ರೈಟ್ಸ್ ಇಲಾಖೆಗೆ ದೂರು ಕೊಡಲು 3 ವರ್ಷಗಳ ಅವಕಾಶವಿದೆ.

ಮ್ಯಾನೇಜರಾಗಿರುವ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ತರಬೇತಿಗೆ ಆಫೀಸಿನ ವೇಳೆಯಲ್ಲೇ ಒಂದು ಗಂಟೆ ಬಿಡುವು ಕೊಡಿ, ಆ ಹೊತ್ತಿಗೆ ಮೀಟಿಂಗ್ ಇಡಬೇಡಿ. ಒಂದು ತಿಂಗಳಾದ ಮೇಲೆ ನಿಮ್ಮ ತಂಡವನ್ನು ಕೂರಿಸಿಕೊಂಡು, ನಿಮ್ಮದೇ ಕೆಲಸದ ಉದಾಹರಣೆ ಕೊಟ್ಟು, "ಹೀಗಾದರೆ ಏನು ಮಾಡುತ್ತೀರಿ?" ಎಂದು ಕೇಳಿ. ಮೊದಲು ನೀವೇ ಉತ್ತರ ಕಲಿತಿರಿ.

ಒಪ್ಪದವರು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿದೆ. ದೀಪಾವಳಿ ಊಟದ ಸಾಲಿನಲ್ಲಿ ಅದೇ ಪ್ರಶ್ನೆ ಮತ್ತೆ ಬಂದರೆ ನಾವ್ಯಾರೂ ತಟ್ಟೆ ನೋಡುತ್ತಾ ನಿಲ್ಲದಿರೋಣ.