ಬಾರಕೂರಿನಿಂದ ಬಸ್ರೂರಿಗೆ, ಒಳದಾರಿಯಲ್ಲಿ

ಉಡುಪಿಯಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿಬಂದ ಮಕ್ಕಳನ್ನು ದಾರಿಯಲ್ಲಿ ಏನೇನು ಕಂಡಿರಿ ಎಂದು ಕೇಳಿ ನೋಡಿ. ಪೆಟ್ರೋಲ್ ಬಂಕು, ಕಲ್ಯಾಣಮಂಟಪ, ಟೋಲ್‌ಗೇಟು, ಎರಡು ಮೂರು ಸೇತುವೆ ಎನ್ನುತ್ತಾರೆ. ತಪ್ಪು ಅವರದಲ್ಲ. ಹೆದ್ದಾರಿ ತೋರಿಸುವುದೇ ಅಷ್ಟು. ಹಿಂದೆ 17 ಎಂಬ ಸಂಖ್ಯೆಯಿದ್ದು ಈಗ 66 ಆಗಿರುವ ಈ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥವಾದ ಮೇಲೆ ಊರುಗಳು ಅದರ ಬದಿಗೆ ಸರಿದು ನಿಂತಿವೆ. ಆದರೆ ಈ ಕರಾವಳಿಯ ನಿಜವಾದ ಹಳೆಯ ಪಟ್ಟಣಗಳು ಹೆದ್ದಾರಿಯ ಮೇಲೆ ಇದ್ದದ್ದೇ ಅಲ್ಲ. ಅವು ಇದ್ದದ್ದು ಹೊಳೆಗಳ ದಂಡೆಯಲ್ಲಿ, ಸಮುದ್ರದಿಂದ ಒಂದಷ್ಟು ಒಳಕ್ಕೆ. ಅವುಗಳನ್ನು ನೋಡಲು, ಅವು ಅಲ್ಲೇ ಏಕೆ ಹುಟ್ಟಿದವು ಎಂದು ತಿಳಿಯಲು ಸೈಕಲ್ಲಿಗಿಂತ ಉತ್ತಮ ವಾಹನ ನನಗೆ ಗೊತ್ತಿಲ್ಲ.

ಹೆತ್ತವರು ಇಲ್ಲಿಗೇ ಪುಟ ತಿರುಗಿಸಬಾರದೆಂದು ವಿನಂತಿ. ನಿಮ್ಮ ಭಯ ಸುಳ್ಳಲ್ಲ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ನಾನು ಪಾಠ ಹೇಳುವ ಶಾಲೆಯ ಅಂಗಳದಲ್ಲಿ ಅವನ್ನು ನಿಲ್ಲಿಸಲು ಜಾಗ ಸಾಲುತ್ತಿರಲಿಲ್ಲ. ರಸ್ತೆ ಅಗಲವಾದಂತೆ ಅವು ಒಂದೊಂದಾಗಿ ಕಡಿಮೆಯಾದವು. ಹೆದ್ದಾರಿಯಲ್ಲಿ ಹದಿಮೂರು ವರ್ಷದ ಹುಡುಗಿಯನ್ನು ಸೈಕಲ್ಲಿನಲ್ಲಿ ಕಳಿಸಿ ಎಂದು ನಾನೂ ಹೇಳಲಾರೆ. ಆದರೆ ಹೆದ್ದಾರಿಯ ಭಯದಿಂದ ಮನೆಯ ಹಿಂದಿನ ಸಣ್ಣ ರಸ್ತೆಗೂ ಸೈಕಲ್ ಇಳಿಸದಂತೆ ಮಾಡಿದ್ದೇವಲ್ಲ, ಅದು ಏಕೆ? ಕರಾವಳಿಯ ತುಂಬ ಡಾಮರು ಕಂಡ, ಆದರೆ ಲಾರಿ ಕಾಣದ ಒಳದಾರಿಗಳು ಬಲೆಯಂತೆ ಹರಡಿಕೊಂಡಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ಹೇಳುತ್ತೇನೆ.

ಬಾರಕೂರಿನಿಂದ ಹೊರಡೋಣ. ಬ್ರಹ್ಮಾವರದಿಂದ ನಾಲ್ಕು ಕಿಲೋಮೀಟರು, ಸೀತಾನದಿಯ ದಂಡೆ. ಇಂದು ಕೆಲವು ಅಂಗಡಿ, ಒಂದು ರೈಲು ನಿಲ್ದಾಣ, ಅಡಿಗಡಿಗೆ ದೇವಸ್ಥಾನಗಳಿರುವ ಊರು. ಒಂದು ಕಾಲಕ್ಕೆ ಇದು ಆಳುಪರ ರಾಜಧಾನಿ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತದ ಮುಖ್ಯ ಪಟ್ಟಣ. 'ಬಾರಕೂರು ಗದ್ಯಾಣ' ಎಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಕತ್ತಲೆ ಬಸದಿಯ ಕಲ್ಲಿನ ಕಂಬಗಳ ನಡುವೆ ಐದು ನಿಮಿಷ ಕುಳಿತರೆ ಈ ಊರಿನ ಹಿಂದಿನ ಅಳತೆ ಸ್ವಲ್ಪ ಮನಸ್ಸಿಗೆ ಬರುತ್ತದೆ. 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಸಾಗಿದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಫಾಕನೂರ್ ಎಂದು ಕರೆದ ಪಟ್ಟಣ ಇದೇ. ಅಳಿವೆಯ ಮೇಲಿನ ದೊಡ್ಡ ಊರು, ಇಲ್ಲಿ ಕಬ್ಬು ಹೇರಳ ಮತ್ತು ಬಹಳ ಒಳ್ಳೆಯದು ಎಂದು ಆತ ಬರೆದ. ಬ್ರಹ್ಮಾವರದಲ್ಲಿ ನಮ್ಮ ಕಾಲದಲ್ಲೊಂದು ಸಕ್ಕರೆ ಕಾರ್ಖಾನೆ ಇತ್ತು, ಬಾಗಿಲು ಹಾಕಿ ವರ್ಷಗಳಾದವು. ಬತೂತನ ಕಬ್ಬಿನ ವಿಷಯ ಹೇಳಿದರೆ ಅಲ್ಲಿನ ಹಿರಿಯ ರೈತರು ನಗುತ್ತಾರೆ.

ಬಾರಕೂರಿನಿಂದ ಸಾಯಿಬ್ರಕಟ್ಟೆ, ಅಲ್ಲಿಂದ ಬಿದ್ಕಲ್‌ಕಟ್ಟೆಯ ಕಡೆ ತಿರುಗಿ ಬಸ್ರೂರು. ಒಟ್ಟು ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಹೋದವರಿಗೆ ಇದು ಸಮತಟ್ಟಾದ ನಾಡು. ಸೈಕಲ್ ತುಳಿದವರ ಕಾಲಿಗೆ ಹಾಗಲ್ಲ. ಗದ್ದೆಯ ಬಯಲಿಗೆ ಇಳಿಯುತ್ತೀರಿ, ತೋಡು ದಾಟುತ್ತೀರಿ, ಮತ್ತೆ ಕೆಂಪು ಗುಡ್ಡ ಏರುತ್ತೀರಿ. ನಮ್ಮ ಹಿರಿಯರು ಈ ಏರುತಗ್ಗಿಗೆ ಹೆಸರಿಟ್ಟೇ ಬೇಸಾಯ ಮಾಡಿದರು. ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಬೈಲಿನಲ್ಲಿ ಮೂರು ಬೆಳೆಯವರೆಗೂ ತೆಗೆಯುತ್ತಿದ್ದರು, ಬೆಟ್ಟಿನಲ್ಲಿ ಒಂದೇ. ಮನೆಗಳ, ಕೇರಿಗಳ ಹೆಸರಿನಲ್ಲಿ ಈ ಮೂರೂ ಇಂದಿಗೂ ಉಳಿದಿವೆ. ದಾರಿಯಲ್ಲಿ ಬೋರ್ಡು ಓದುತ್ತ ಹೋಗಿ. ಬೆಟ್ಟು ಎಂದಿದ್ದರೆ ಗೇರು ಬದಲಿಸಲು ಸಿದ್ಧರಾಗಿ; ಗೇರಿಲ್ಲದ ಸೈಕಲ್ಲಾದರೆ ಇಳಿದು ದೂಡಲು.

ಏರಿನ ಲೆಕ್ಕ ಹೀಗೆ. ಹುಡುಗನ ತೂಕ 50 ಕಿಲೋ, ಸೈಕಲ್ಲಿನದು 18. ಗುಡ್ಡದ ಎತ್ತರ 30 ಮೀಟರ್ ಎನ್ನೋಣ. 68ನ್ನು 9.8ರಿಂದಲೂ 30ರಿಂದಲೂ ಗುಣಿಸಿದರೆ ಸುಮಾರು 20,000 ಜೌಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಬದಲಿಸುತ್ತವೆ, ಉಳಿದದ್ದು ಬೆವರು ಬರಿಸುವ ಶಾಖ. ಆದ್ದರಿಂದ ಬೇಕಾದದ್ದು 80,000 ಜೌಲ್, ಅಂದರೆ 19 ಕಿಲೋಕ್ಯಾಲೊರಿ. ಒಂದು ಬಾಳೆಹಣ್ಣಿನಲ್ಲಿ ನೂರರ ಹತ್ತಿರ ಇರುತ್ತದೆ. ಬಾಳೆಹಣ್ಣೊಂದಕ್ಕೆ ಐದು ಗುಡ್ಡ! (ಚಕ್ರದ ಘರ್ಷಣೆ, ಗಾಳಿಯ ತಡೆ ಇದರಲ್ಲಿ ಸೇರಿಲ್ಲ, ಆದ್ದರಿಂದ ಎರಡು ಹಣ್ಣು ಇಟ್ಟುಕೊಳ್ಳುವುದು ಮೇಲು.)

ಗುಡ್ಡದ ಆ ಕೆಂಪು ಕಲ್ಲೇ ಮುರಕಲ್ಲು. 1800-01ರಲ್ಲಿ ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದ ಹತ್ತಿರ ಇದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಜಗತ್ತಿಗೆಲ್ಲ ಹೋಯಿತು. ನೆಲದೊಳಗೆ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಸಾವಿರಾರು ಮಳೆಗಾಲಗಳು ಬಂಡೆಯೊಳಗಿನದನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಮ್ಮುಗಳ ಆಕ್ಸೈಡುಗಳನ್ನು ಉಳಿಸಿದ್ದರ ಫಲ.

ಬಸ್ರೂರು ವಾರಾಹಿ ಹೊಳೆಯ ದಂಡೆಯಲ್ಲಿದೆ. ಪೋರ್ತುಗೀಸರ ಬಾಯಲ್ಲಿ ಅದು ಬಾರ್ಸೆಲೋರ್. ಅವರಿಗೆ ಬೇಕಾಗಿದ್ದುದು ಮುಖ್ಯವಾಗಿ ಅಕ್ಕಿ, ನೀವು ಈಗಷ್ಟೇ ದಾಟಿ ಬಂದ ಬೈಲುಗಳಂಥ ಗದ್ದೆಗಳ ಅಕ್ಕಿ. 1665ರ ಫೆಬ್ರುವರಿಯಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಈ ಊರಿನ ಮೇಲೆ ದಾಳಿ ಮಾಡಿ ಅಪಾರ ಸಂಪತ್ತು ಒಯ್ದ. ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬರಬೇಕಾದರೆ ಇಲ್ಲಿನ ಪೇಟೆ ಎಂಥದಿದ್ದಿರಬೇಕು! ಈಗ ದೇವಸ್ಥಾನಗಳು, ಶಾಸನಗಳು ಮತ್ತು ಹಳೆಯ ಕೇರಿಗಳ ಹೆಸರುಗಳು ಉಳಿದಿವೆ.

ಬಂದರು ಸಮುದ್ರದ ದಡದಲ್ಲಿರದೆ ಹೊಳೆಯ ಒಳಗೇಕೆ? ಇಲ್ಲಿಗೆ ಬಂದು ದಂಡೆಯಲ್ಲಿ ನಿಂತರೆ ಉತ್ತರ ಸಿಗುತ್ತದೆ. ಮುಂಗಾರಿನ ತೆರೆ ಇಲ್ಲಿಗೆ ತಲಪದು, ಕಡಲ್ಗಳ್ಳರಿಗೂ ಸುಲಭವಲ್ಲ. ಭರತದ ನೀರು ಹೊಳೆಯನ್ನು ಒಂದು ಮೀಟರಿಗೂ ಮಿಕ್ಕಿ ಎತ್ತಿ ಸರಕಿನ ದೋಣಿಗಳನ್ನು ತಾನೇ ಒಳಕ್ಕೆ ತರುತ್ತಿತ್ತು, ಇಳಿತ ಹೊರಕ್ಕೆ ಒಯ್ಯುತ್ತಿತ್ತು. ಎಣ್ಣೆ ಖರ್ಚಿಲ್ಲದ ಸಾಗಾಟ. ಮುಂದೆ ಹಡಗುಗಳು ದೊಡ್ಡವಾದವು, ಅಳಿವೆಗಳಲ್ಲಿ ಹೂಳು ತುಂಬಿತು, ಸೇತುವೆಗಳಾಗಿ ಸರಕು ಲಾರಿ ಹತ್ತಿತು.

ಮರಳುವಾಗ ಕುಂದಾಪುರಕ್ಕೆ ಬಂದು, ಹೆದ್ದಾರಿಯನ್ನು ಸೈಕಲ್ ದೂಡಿಕೊಂಡೇ ದಾಟಿ, ಕೋಡಿಯ ಕಡಲಕರೆ ಹಿಡಿಯಿರಿ. ಬೀಜಾಡಿ, ಮಣೂರು ಪಡುಕರೆ, ಪಾರಂಪಳ್ಳಿ ಪಡುಕರೆ, ಕೋಡಿ ಕನ್ಯಾನ. ದಾರಿ ಎಲ್ಲ ಕಡೆ ನೇರವಿಲ್ಲ, ಅಲ್ಲಲ್ಲಿ ಒಳಕ್ಕೆ ಬಳಸಬೇಕು. ಪಡು ಎಂದರೆ ಪಶ್ಚಿಮ, ಪಡುಕರೆ ಎಂದರೆ ಪಶ್ಚಿಮದ ದಡ. ಕೋಡಿ ಎಂದರೆ ತುದಿ. ನಕಾಶೆಯನ್ನೇ ಹೆಸರಾಗಿಸಿಕೊಂಡ ಊರುಗಳು. ಕನ್ಯಾನದ ಆಚೆ ಸೀತಾ, ಸ್ವರ್ಣಾ ನದಿಗಳೆರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಎದುರು ದಡದಲ್ಲಿ ಕಾಣುವ ಮರಳ ನಾಲಗೆ ಕೋಡಿ ಬೆಂಗ್ರೆ. ಅಲ್ಲಿಂದ ಹಂಗಾರಕಟ್ಟೆ, ಮಾಬುಕಳದ ದಾರಿಯಾಗಿ ಮತ್ತೆ ಬಾರಕೂರು.

ಬೆಳಿಗ್ಗೆ ಒಳದಾರಿಯಲ್ಲಿ ಉತ್ತರಕ್ಕೆ, ಮಧ್ಯಾಹ್ನದ ಮೇಲೆ ಕಡಲಕರೆಯಲ್ಲಿ ದಕ್ಷಿಣಕ್ಕೆ ಎಂದು ಹೇಳಿದ್ದು ಸುಮ್ಮನಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಹೊತ್ತೇರಿದಂತೆ ನೆಲ ಸಮುದ್ರಕ್ಕಿಂತ ಬೇಗ ಕಾದು, ಅದರ ಮೇಲಿನ ಗಾಳಿ ಏರಿ, ಕಡಲ ಗಾಳಿ ನುಗ್ಗುತ್ತದೆ, ಹೆಚ್ಚಾಗಿ ಪಶ್ಚಿಮ ಅಥವಾ ವಾಯವ್ಯದಿಂದ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 15 ಕಿಲೋಮೀಟರಿನಲ್ಲಿ ತುಳಿಯುವಾಗ 10 ಕಿಲೋಮೀಟರಿನ ಗಾಳಿ ನೇರ ಎದುರಿಗಿದ್ದರೆ ಮೈಗೆ ತಾಗುವುದು 25, ನೇರ ಬೆನ್ನಿಗಿದ್ದರೆ 5. ಐದು ಪಟ್ಟು ವ್ಯತ್ಯಾಸ, ತಡೆಯಲ್ಲಿ ಇಪ್ಪತ್ತೈದು ಪಟ್ಟು. ಹಾಯಿ ಹಡಗುಗಳು ದಕ್ಷಿಣಕ್ಕೆ ಇಳಿಯಲು ಕಾಯುತ್ತಿದ್ದುದೂ ಇಂಥದೇ ಗಾಳಿಗೆ.

ಪಡುಕರೆಯ ಚಹಾದಂಗಡಿಯಲ್ಲಿ ನಮ್ಮ ಗುಂಪನ್ನು ಕಂಡ ಹಿರಿಯರೊಬ್ಬರು, "ಬಸ್ಸಿತ್ತಲ್ದಾ ಮಾಷ್ಟ್ರೇ, ಸೈಕಲ್ ಎಂತಕ್ಕೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅವರಿಗೆ ಬೈಲು-ಬೆಟ್ಟಿನ ಲೆಕ್ಕ ಹೇಳತೊಡಗಿದಳು. ಅವರು ತಮ್ಮ ಮನೆಯ ಹೆಸರನ್ನೇ ಕೊಟ್ಟು, ಇದು ಯಾವುದು ಹೇಳು ನೋಡುವಾ ಎಂದು ಪರೀಕ್ಷೆ ಮಾಡಿದರು. ಚಹಾದ ಹಣ ತೆಗೆದುಕೊಳ್ಳಲಿಲ್ಲ.

ಪೂರ್ತಿ ಸುತ್ತು ಅರುವತ್ತು ಕಿಲೋಮೀಟರಿನಷ್ಟಾಗುತ್ತದೆ. ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ, ಅದೂ ಹಿರಿಯರ ಜೊತೆ. ಸಣ್ಣವರಿಗೆ ಬಾರಕೂರು-ಸಾಯಿಬ್ರಕಟ್ಟೆ ಸಾಕು. ತಲೆಗೆ ಹೆಲ್ಮೆಟ್, ಕುಡಿಯಲು ನೀರು, ಕತ್ತಲಾಗುವ ಮುಂಚೆ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ, ಡಾಮರಿನ ಮೇಲೂ ಪಾಚಿ ಕಟ್ಟಿರುತ್ತದೆ. ಕಡಲಕರೆಯಿಂದ ಬಂದ ದಿನವೇ ಸೈಕಲ್ಲಿನ ಚೈನನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರಸಿ, ಒಣಗಿಸಿ, ಎಣ್ಣೆ ಬಿಡಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಸಂಶಯವಿದ್ದವರು ಎರಡು ಮೊಳೆಗಳನ್ನು ತೆಗೆದುಕೊಂಡು ಒಂದನ್ನು ಬಾವಿಯ ನೀರಿನಲ್ಲೂ ಇನ್ನೊಂದನ್ನು ಸಮುದ್ರದ ನೀರಿನಲ್ಲೂ ಅರ್ಧ ಮುಳುಗುವಂತೆ ಇಟ್ಟು ಮುಂದಿನ ಭಾನುವಾರ ನೋಡಬಹುದು.