ಹುಲ್ಲುಹಾಸಿಗೆ ಮೊದಲು ಮಳೆಯ ಲೆಕ್ಕ

ಮಾಗಡಿಯ ಸುತ್ತಮುತ್ತ ಈಗ ಮನೆ ಕಟ್ಟುವ ಕಾಲ. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗುತ್ತಿವೆ. ಮಾವಿನ ತೋಪುಗಳ ನಡುವೆ ವಾರಾಂತ್ಯದ ತೋಟದ ಮನೆಗಳು ಏಳುತ್ತಿವೆ. ರಾಜಧಾನಿಯಿಂದ ಸುಮಾರು ಐವತ್ತು ಕಿಲೊಮೀಟರ್ ದೂರದ, ಸಾವನದುರ್ಗದ ತಪ್ಪಲಿನ ಈ ಸೀಮೆಯಲ್ಲಿ ನೆಲೆಸಲು ಬಯಸುವವರು ಹೆಚ್ಚುತ್ತಿರುವುದು ಸಹಜವೇ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದ ಮೇಲಂತೂ ಮಾಗಡಿ ನಗರದ ಹಿತ್ತಲಿನಂತೆ ಕಾಣತೊಡಗಿದೆ.

ನಿವೃತ್ತಿಯ ನಂತರ ನಾನೂ ಈ ಕಡೆಯೇ ನೆಲೆಸಿರುವುದರಿಂದ ಹೊಸದಾಗಿ ಬರುವವರು ಮನೆ, ಕೈತೋಟಗಳ ಬಗ್ಗೆ ಸಲಹೆ ಕೇಳುವುದುಂಟು. ಅವರ ಮೊದಲ ಎರಡು ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ: ಕೊಳವೆಬಾವಿ ಎಷ್ಟು ಅಡಿ ಕೊರೆಸಬೇಕು, ಹುಲ್ಲುಹಾಸಿಗೆ ಯಾವ ಹುಲ್ಲು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಈ ಎರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಮ್ಮ ಚಾವಣಿಯ ಮೇಲೆ ವರ್ಷಕ್ಕೆ ಎಷ್ಟು ನೀರು ಬೀಳುತ್ತದೆ ಮತ್ತು ಆ ನೀರಿನಲ್ಲಿ ಎಂಥ ತೋಟ ಸಾಧ್ಯ? ಇದಕ್ಕೆ ಉತ್ತರ ಕಂಡುಕೊಂಡವರಿಗೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದಂತೆಯೇ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡರೆ, 100 ಚದರ ಮೀಟರ್ ಚಾವಣಿಯ ಮೇಲೆ 80,000 ಲೀಟರ್ ಬೀಳುತ್ತದೆ. ಆವಿಯಾಗುವುದು, ಚೆಲ್ಲಿ ಹೋಗುವುದು ಎಲ್ಲವನ್ನೂ ಕಳೆದರೂ 64,000 ಲೀಟರ್ ಕೈಗೆ ಸಿಗುತ್ತದೆ. ಇನ್ನು ಖರ್ಚಿನ ಬಾಬತ್ತು ನೋಡೋಣ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. 200 ಚದರ ಮೀಟರ್ ಹುಲ್ಲಿಗೆ ದಿನಕ್ಕೆ 1,000 ಲೀಟರ್. ಬೇಸಿಗೆಯ 100 ದಿನಗಳಿಗೆ ಒಂದು ಲಕ್ಷ ಲೀಟರ್. ಅಂದರೆ ಇಡೀ ವರ್ಷ ಚಾವಣಿ ಗಳಿಸಿಕೊಟ್ಟ ನೀರು ಮೂರು ತಿಂಗಳ ಹುಲ್ಲಿಗೇ ಸಾಲದು. ಉಳಿದದ್ದು ಎಲ್ಲಿಂದ ಬರಬೇಕು? ನೆಲದ ಅಡಿಯಿಂದ. ಅಲ್ಲಿಗೆ ನಮ್ಮ ಅಂಗಳದ ಸೊಬಗು ಪಕ್ಕದ ಹಳ್ಳಿಯ ಬಾವಿಯ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಇಲ್ಲಿನ ನೆಲದ ಸ್ವಭಾವವನ್ನು ತಿಳಿದರೆ ಈ ಮಾತಿನ ತೂಕ ಅರಿವಾಗುತ್ತದೆ. ಮಾಗಡಿ, ರಾಮನಗರ ಸೀಮೆಯ ಬಂಡೆಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಸಾಲಿಗೆ ಸೇರಿದವು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರೇ. ಇಂಥ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಹೆಚ್ಚು ಆಳಕ್ಕೆ ಕೊರೆದಷ್ಟೂ ಹೆಚ್ಚು ನೀರು ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ದೂಳು. ಒಂದೇ ಬಿರುಕಿಗೆ ಹತ್ತು ಕೊಳವೆಗಳು ಇಳಿದಾಗ ಮೊದಲು ಬತ್ತುವುದು ಆಳ ಕಡಿಮೆ ಇರುವ ಬಾವಿ. ಅದು ಸಾಮಾನ್ಯವಾಗಿ ಬಡವರದ್ದೇ ಆಗಿರುತ್ತದೆ. ಸೇವೆಯಲ್ಲಿದ್ದಾಗ ಬರ ಪರಿಹಾರದ ಕಡತಗಳನ್ನು ವರ್ಷಗಟ್ಟಲೆ ನೋಡಿದವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಹಾಗಾದರೆ ಹೊಸ ಮನೆಯ ಯಜಮಾನ ಮಾಡಬೇಕಾದದ್ದೇನು? ಮೊದಲಿಗೆ, ಮಳೆನೀರನ್ನು ಎರಡು ಪಾಲು ಮಾಡಬೇಕು: ಒಂದು ಕುಡಿಯಲು ಮತ್ತು ಅಡುಗೆಗೆ, ಇನ್ನೊಂದು ನೆಲಕ್ಕೆ. ನಾಲ್ಕು ಜನರ ಕುಟುಂಬಕ್ಕೆ ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ 40 ಲೀಟರ್ ಧಾರಾಳವಾಗಿ ಸಾಕು. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಒಣ ಅವಧಿ 150 ದಿನ ಎಂದರೂ 6,000 ಲೀಟರ್ ಆಯಿತು. ಆದ್ದರಿಂದ ಎಂಟು ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ ಕಟ್ಟಿದರೆ ಸಾಕು. ಚಾವಣಿಯ ಮೊದಲ ನೂರು, ಇನ್ನೂರು ಲೀಟರ್ ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. ದೂಳು, ಹಕ್ಕಿಯ ಹಿಕ್ಕೆಗಳು ಅದರೊಂದಿಗೆ ಹೋಗುತ್ತವೆ. ಆ ನಂತರದ ನೀರು ಜಲ್ಲಿ, ಮರಳುಗಳ ಸೋಸುಗುಂಡಿಯ ಮೂಲಕ ತೊಟ್ಟಿಗೆ ಇಳಿಯಬೇಕು. ಕುಡಿಯುವ ಮುನ್ನ ಕುದಿಸಿಕೊಳ್ಳಬೇಕು. ತೊಟ್ಟಿಗೆ ಬೆಳಕು ಬೀಳಬಾರದು. ಗಾಳಿಯ ಕಿಂಡಿಗೆ ಸೊಳ್ಳೆ ಪರದೆ ಕಡ್ಡಾಯ. ಡೆಂಗಿ ಹರಡುವ ಸೊಳ್ಳೆ ತಿಳಿ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ ಎಂಬುದನ್ನು ಮರೆಯುವಂತಿಲ್ಲ.

ತೊಟ್ಟಿ ತುಂಬಿ ಹೆಚ್ಚಾದ ನೀರು ರಸ್ತೆಗೆ ಹರಿಯದೆ ಇಂಗುಬಾವಿಗೆ ಹೋಗಬೇಕು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ, ಸಿಮೆಂಟ್ ಬಳೆ ಇಳಿಸಿದ ಇಂಗುಬಾವಿ ಸಾಧಾರಣ ನಿವೇಶನಕ್ಕೆ ಸಾಕು. ಬಾವಿ ತೋಡುವುದರಲ್ಲಿ ತಲೆಮಾರುಗಳಿಂದ ಪಳಗಿದ ಭೋವಿ ಸಮುದಾಯದ ಕೆಲಸಗಾರರು ಇದನ್ನು ಬಲ್ಲರು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಾವಣಿಯ ನೀರನ್ನು ಸೋಸದೆ ನೇರವಾಗಿ ಕೊಳವೆಬಾವಿಯೊಳಕ್ಕೆ ಬಿಡಬಾರದು. ಹಾಗೆ ಬಿಟ್ಟ ಕೊಳೆ ಊರಿನವರೆಲ್ಲರ ನೀರಿಗೆ ಸೇರುತ್ತದೆ.

ಎರಡನೆಯದು, ತೋಟಕ್ಕೆ ಬಳಸಿದ ನೀರೇ ಆಧಾರವಾಗಬೇಕು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ನಗರ ನೀರು ಪೂರೈಕೆಗೆ ಬಳಸುವ ಮಾನದಂಡ. ಆ ಪ್ರಕಾರ ನಾಲ್ಕು ಜನರಿಗೆ 540 ಲೀಟರ್. ಇದರಲ್ಲಿ ಸ್ನಾನ ಮತ್ತು ಬಟ್ಟೆ ಒಗೆಯುವುದರಿಂದ 250 ಲೀಟರ್ ಹೊರಬಂದರೂ, ಚದರ ಮೀಟರಿಗೆ 5 ಲೀಟರಿನಂತೆ 50 ಚದರ ಮೀಟರ್ ಕೈತೋಟ ಬೇಸಿಗೆಯಲ್ಲೂ ಬದುಕುತ್ತದೆ. ನಮ್ಮ ಹಿರಿಯರು ಬಚ್ಚಲ ಹಿಂದೆ ಬಾಳೆ, ಕೆಸು, ಕಾಬಾಳೆಗಳನ್ನು ನೆಡುತ್ತಿದ್ದುದು ಸುಮ್ಮನೆ ಅಲ್ಲ. ಸೋಪಿನ ನೀರನ್ನು ಮೊದಲು ಕಾಬಾಳೆ, ಕೆಸುಗಳ ಜಲ್ಲಿಹಾಸಿನ ಮೂಲಕ ಹಾಯಿಸಿ, ಆಮೇಲೆ ಬಾಳೆ, ತೆಂಗು, ನುಗ್ಗೆ, ಕರಿಬೇವುಗಳ ಬುಡಕ್ಕೆ ಬಿಡುವುದು ಸರಿಯಾದ ಕ್ರಮ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಮಾತ್ರ ಈ ನೀರು ಬೇಡ.

ಮೂರನೆಯದು ಕಾಲಜ್ಞಾನ. ಇದರಲ್ಲಿ ನಗರದಿಂದ ಬಂದವರು ಎಡವುವುದೇ ಹೆಚ್ಚು. ಮಲೆನಾಡು, ಕರಾವಳಿಗಳಂತೆ ಇಲ್ಲಿ ಜೂನ್, ಜುಲೈನಲ್ಲಿ ಮುಸಲಧಾರೆ ಸುರಿಯುವುದಿಲ್ಲ. ಏಪ್ರಿಲ್ ಕೊನೆ, ಮೇ ತಿಂಗಳ ಗುಡುಗಿನ ಮಳೆ ಒಂದು ಸಲ. ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಇನ್ನೊಂದು ಸಲ. ನಡುವೆ ತುಂತುರು ಮತ್ತು ಗಾಳಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಇಂಥ ಸೀಮೆಯ ಅನುಭವದಿಂದ. ಭರಣಿ ಮಳೆ ಏಪ್ರಿಲ್ ಕೊನೆಯ ವಾರದಲ್ಲಿ ಹುಟ್ಟುತ್ತದೆ. ಚಾವಣಿ, ದೋಣಿ, ಕೊಳವೆ, ಸೋಸುಗುಂಡಿಗಳನ್ನು ಅದಕ್ಕೆ ಮೊದಲೇ ಶುಚಿಗೊಳಿಸಬೇಕು. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ 100 ಚದರ ಮೀಟರ್ ಚಾವಣಿಯಿಂದ 5,000 ಲೀಟರ್ ಇಳಿಯುತ್ತದೆ. ನಾಲ್ಕು ಅಂಗುಲದ ಎರಡು ಕೊಳವೆಗಳಾದರೂ ಇರಬೇಕು.

ಗಿಡ ನೆಡುವುದಕ್ಕೂ ಇದೇ ಪಂಚಾಂಗ. ಗುಂಡಿಗಳನ್ನು ಏಪ್ರಿಲ್‌ನಲ್ಲಿ ತೋಡಿ ಬಿಸಿಲಿಗೆ ಬಿಡಿ. ಮೇ ಮಳೆಗೆ ಸೋರೆ, ಹೀರೆ, ಹಾಗಲ ಬಿತ್ತಿ. ಆರಿದ್ರಾ ಮಳೆಯ ನಂತರ ನೆಲ ತಂಪಾದಾಗ ಹೊಂಗೆ, ನೇರಳೆ, ಹಲಸು, ನೆಲ್ಲಿ, ಮಾವಿನ ಸಸಿಗಳನ್ನು ನೆಟ್ಟರೆ ಅವು ಹಿಂಗಾರಿನ ಹೊತ್ತಿಗೆ ಬೇರು ಬಿಟ್ಟಿರುತ್ತವೆ. ಚಳಿಗಾಲ ಸೊಪ್ಪಿನ ಕಾಲ. ಮಾಘ, ಫಾಲ್ಗುಣಗಳಲ್ಲಿ ಉದುರುವ ಎಲೆಯನ್ನು ಸುಡದೆ ಗಿಡಗಳ ಬುಡಕ್ಕೆ ಮೂರು ಅಂಗುಲ ದಪ್ಪ ಹೊದಿಸಿದರೆ ನೀರುಣಿಸುವ ಕೆಲಸ ಅರ್ಧ ಉಳಿಯುತ್ತದೆ. ನೀಲಗಿರಿಯ ವಿಚಾರವಂತೂ ಬೇಡ; ಸರ್ಕಾರವೇ 2017ರಲ್ಲಿ ಅದರ ಹೊಸ ನೆಡುತೋಪುಗಳನ್ನು ನಿಷೇಧಿಸಿತು.

ಮಾಗಡಿಗೆ ಬಂದು ಅವರೆ ಬೆಳೆಯದಿದ್ದರೆ ಹೇಗೆ? ಸೊಗಡಿಗೆ ಹೆಸರಾದ ಇಲ್ಲಿನ ನಾಟಿ ಅವರೆ ಹಗಲಿನ ಅವಧಿ ಕುಗ್ಗಿದಾಗ ಮಾತ್ರ ಹೂ ಬಿಡುವ ಗಿಡ. ಅವಸರಪಟ್ಟು ಮೇ ತಿಂಗಳಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಬೇಗ ಬರುವುದಿಲ್ಲ. ರಾಗಿಯೊಂದಿಗೆ ಅಕ್ಕಡಿ ಸಾಲಿನಲ್ಲಿ ಜುಲೈ, ಆಗಸ್ಟ್‌ನಲ್ಲಿ ಬಿತ್ತಿ, ಇಬ್ಬನಿಯ ತಿಂಗಳುಗಳಲ್ಲಿ ಬಿಡಿಸುವ ರೈತರ ಕ್ರಮಕ್ಕೆ ಈ ವಿಜ್ಞಾನವೇ ಬುನಾದಿ. ವರ್ಷವಿಡೀ ಕಾಯಿ ಬೇಕೆನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಅವು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ. ಹಿತ್ತಲಲ್ಲಿ ಎರಡು ಸಾಲು ನಾಟಿ ಅವರೆ ಹಾಕಿದವರಿಗೆ ಹನಿ ನೀರಾವರಿಯ ಖರ್ಚಿಲ್ಲ, ಗೊಬ್ಬರದ ಖರ್ಚೂ ಅಷ್ಟಕ್ಕಷ್ಟೆ. ದ್ವಿದಳ ಬೆಳೆಯಾದ್ದರಿಂದ ನೆಲಕ್ಕೆ ಸಾರಜನಕ ಸೇರುವುದು ಲಾಭ.

ಹೊರಾಂಗಣದಲ್ಲಿ ಕುಳಿತುಕೊಳ್ಳಲು ಹುಲ್ಲೇ ಬೇಕೆಂದಿಲ್ಲ. ಉತ್ತರಕ್ಕೋ ಪೂರ್ವಕ್ಕೋ ಒಂದು ಕಲ್ಲು ಚಪ್ಪಡಿಯ ಜಗಲಿ, ಬೇಸಿಗೆಗೆ ತೆಂಗಿನ ಗರಿಯ ಚಪ್ಪರ, ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಒಂದು ಹೊಂಗೆ: ಇವು ಕೇಳುವ ನೀರು ಅತ್ಯಲ್ಪ, ಕೊಡುವ ತಂಪು ಅಪಾರ. ಅಂಗಳವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚದೆ ಚಪ್ಪಡಿಗಳ ನಡುವೆ ಮಣ್ಣಿನ ಸಂದು ಬಿಟ್ಟರೆ ಮಳೆ ಅಲ್ಲಿಯೇ ಇಂಗುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರ ಮನೆಯ ಮಾತಾಯಿತು. ಆದರೆ ಅಂತರ್ಜಲ ಒಬ್ಬೊಬ್ಬರ ಸ್ವತ್ತಲ್ಲ. ನಿವೇಶನ ನನ್ನದು, ಆದ್ದರಿಂದ ಅದರ ಕೆಳಗಿನ ನೀರೂ ನನ್ನದು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಸಾಮೂಹಿಕ ಸಂಪತ್ತಿಗೆ ಯಜಮಾನನಿಲ್ಲದಿದ್ದರೆ ಪ್ರತಿಯೊಬ್ಬನ ಜಾಣತನವೂ ಕೂಡಿ ಎಲ್ಲರ ನಾಶಕ್ಕೆ ದಾರಿಯಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ. ಜನರೇ ಕೂಡಿ ನಿಯಮ ಮಾಡಿಕೊಂಡು ಅಂಥ ಸಂಪತ್ತನ್ನು ಉಳಿಸಿಕೊಂಡ ಉದಾಹರಣೆಗಳನ್ನು ಜಗತ್ತಿನಾದ್ಯಂತ ಅಧ್ಯಯನ ಮಾಡಿ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಎರಡನೆಯ ಮಾತಿಗೆ ನಮ್ಮ ಕೆರೆಗಳೇ ಸಾಕ್ಷಿ ಎನಿಸುತ್ತದೆ. ತೂಬು ತೆರೆಯುವ, ಸರದಿಯಂತೆ ನೀರು ಹಂಚುವ ನೀರುಗಂಟಿಯ ಅಧಿಕಾರವನ್ನು ಊರೆಲ್ಲ ಒಪ್ಪಿಕೊಂಡಿತ್ತು. 1638ರಲ್ಲಿ ಬೆಂಗಳೂರನ್ನು ಕಳೆದುಕೊಂಡು ಮಾಗಡಿಗೆ ಬಂದ ಕೆಂಪೇಗೌಡರ ವಂಶದವರು ಕೆರೆ ಕಟ್ಟೆಗಳಿಗೆ ಹೆಸರಾದವರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಅರ್ಕಾವತಿ, ಕುಮುದ್ವತಿ ನದಿಗಳ ಸಂಗಮದಲ್ಲಿ 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಇದೇ ತಾಲ್ಲೂಕಿನಲ್ಲಿದೆ. ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿದ ಆ ಜಲಾಶಯಕ್ಕೆ ಹರಿದುಬರುವ ನೀರು ಕ್ಷೀಣಿಸಿತು, ಬಂದದ್ದೂ ಮಲಿನವಾಯಿತು. ಜಲಾನಯನ ಪ್ರದೇಶವನ್ನು ಕಾಪಾಡಲು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿದರೂ 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು. 2023ರ ಬರದ ಮರುವರ್ಷ, 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ತೋಟಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಘೋಷಿಸಬೇಕಾಯಿತು. ಆ ಸ್ಥಿತಿಯಿಂದ ಪಾರಾಗಲು ಮಾಗಡಿಗೆ ಬಂದವರು ಅದನ್ನೇ ಇಲ್ಲಿಗೂ ಹೊತ್ತು ತರುವುದು ತರವೇ?

ನೀರನ್ನು ಹೆಚ್ಚು ಎತ್ತುವುದು ಕೃಷಿಯೇ ಅಲ್ಲವೇ, ನಾಲ್ಕು ಮನೆಗಳ ಅಂಗಳದಿಂದ ಏನಾದೀತು ಎಂಬ ಆಕ್ಷೇಪವಿದೆ. ಮೊದಲ ಮಾತು ನಿಜ. ಆದರೆ ರೈತನ ಮಾವು, ಹಿಪ್ಪುನೇರಳೆಗಳು ಅವನ ಅನ್ನ. ನಮ್ಮ ಹುಲ್ಲು ನಮ್ಮ ವಿಲಾಸ. ಅಲ್ಲದೆ ಬಡಾವಣೆಯ ಬೇಡಿಕೆ ಒಂದೇ ಕಡೆ ದಟ್ಟವಾಗಿರುತ್ತದೆ, ಬೇಸಿಗೆಯಲ್ಲಿ ಏರುತ್ತದೆ, ಹಳ್ಳಿಯ ಕುಡಿಯುವ ನೀರಿನೊಂದಿಗೇ ಪೈಪೋಟಿಗಿಳಿಯುತ್ತದೆ. ವೆಚ್ಚದ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ಮನೆ ಕಟ್ಟುವಾಗಲೇ ತೊಟ್ಟಿ, ಇಂಗುಬಾವಿಗಳನ್ನು ಸೇರಿಸಿದರೆ ತಗಲುವ ಹಣ, ನೀರು ಸಿಗದ ಒಂದು ಕೊಳವೆಬಾವಿಯ ನಷ್ಟದ ಮುಂದೆ ದೊಡ್ಡದಲ್ಲ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ಮನೆಯನ್ನು ದಶಕಗಳ ಕಾಲ ಮಳೆನೀರಿನಿಂದಲೇ ನಡೆಸಿ ಇದನ್ನು ಸಾಧಿಸಿ ತೋರಿಸಿದ್ದಾರೆ.

ಆಡಳಿತಕ್ಕೂ ಮೂರು ಮಾತು ಹೇಳಬೇಕು. ಬೆಂಗಳೂರು ಜಲಮಂಡಳಿ ವ್ಯಾಪ್ತಿಯಲ್ಲಿ 2009ರಲ್ಲಿಯೇ ನಿರ್ದಿಷ್ಟ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮಾಗಡಿ ಪುರಸಭೆ ಮತ್ತು ಸುತ್ತಲಿನ ಪಂಚಾಯಿತಿಗಳು ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗ ತೊಟ್ಟಿ, ಇಂಗುಬಾವಿ, ಬಳಸಿದ ನೀರಿನ ದಾರಿಗಳನ್ನು ನಕ್ಷೆಯಲ್ಲಿ ಕಾಣಬೇಕು, ಕಟ್ಟಿದ ಮೇಲೆ ನೆಲದ ಮೇಲೂ ಕಾಣಬೇಕು. ಬಡಾವಣೆಯ ಉದ್ಯಾನ ಹುಲ್ಲಿನ ಪ್ರದರ್ಶನವಾಗದೆ, ಹೊಂಗೆ, ನೇರಳೆಗಳ ನೆರಳಿನಡಿ ಇಂಗುಬಾವಿಗಳ ತಾಣವಾಗಬೇಕು. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಆಶಯದಂತೆ ಪ್ರತಿ ಕೊಳವೆಬಾವಿಯೂ ನೋಂದಣಿಯಾಗಿ, ಅದರ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಊರಿನವರಿಗೆ ಕಾಣುವಂತಿರಬೇಕು. ಎಷ್ಟು ಕೊಳವೆಗಳಿವೆ ಎಂಬುದೇ ಗೊತ್ತಿಲ್ಲದ ಊರಿನಲ್ಲಿ ನೀರುಗಂಟಿ ತಾನೇ ಏನು ಮಾಡಬಲ್ಲ?

ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯ ಮಾತ್ರ ಮನೆ ಕಟ್ಟುವವರಿಗಿಲ್ಲ. ಚಾವಣಿಯ ಅಳತೆ ತೆಗೆದುಕೊಂಡು ಮಳೆಯಿಂದ ಗುಣಿಸುವುದಕ್ಕೆ ಯಾರ ಅನುಮತಿಯೂ ಬೇಡ. ಆ ಲೆಕ್ಕ ಮುಗಿದ ಮೇಲೂ ಹುಲ್ಲುಹಾಸು ಬೇಕೆನಿಸಿದರೆ, ಅದಕ್ಕೆ ಬೇಕಾಗುವ ನೀರು ಯಾರ ಪಾಲಿನಿಂದ ಬರುತ್ತಿದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಲಿ.