ಬಣ್ಣ ಚೆನ್ನಾಗಿದೆ, ಟೀಚರ್ ಎಲ್ಲಿ?

ಕಳೆದ ನವೆಂಬರ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ಹದಿನೆಂಟು ಜನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ಚಂದಾ ಎತ್ತಿ ಬಣ್ಣ, ಬ್ರಷ್ಷು ತಗೊಂಡು ಎರಡು ದಿನ ಗೋಡೆಗೆ ಬಳಿದು ಬಂದೆವು. ವರ್ಣಮಾಲೆ, ಕರ್ನಾಟಕದ ನಕ್ಷೆ, ಸೌರಮಂಡಲ ಎಲ್ಲ ಬರೆದೆವು. ಇನ್‌ಸ್ಟಾದಲ್ಲಿ ಫೋಟೋ ನೀವೂ ನೋಡಿರುತ್ತೀರಿ.

ಹೊರಡೋ ಹೊತ್ತಿಗೆ ಹೆಡ್‌ಮಿಸ್ ಎಲ್ಲರಿಗೂ ಟೀ ಕೊಟ್ಟು ಹೇಳಿದರು: "ಬಣ್ಣ ಬಲು ಚೆನ್ನಾಗಿ ಬಂದಿದೆ ಕಣ್ರಪ್ಪಾ. ಇನ್ನೊಬ್ಬರು ಟೀಚರ್‌ನ ಕೊಡ್ಸೋಕೆ ಆಗುತ್ತಾ ನೋಡ್ರಿ." ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಆ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಇಪ್ಪತ್ಮೂರು ಮಕ್ಕಳು. ಟೀಚರ್ ಇಬ್ಬರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಗೂಗಲ್ ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು ಇದ್ದರೆ ಸಾಕು. ಅಂದರೆ ಕಾಗದದ ಮೇಲೆ ಅಲ್ಲಿ ಏನೂ ಕೊರತೆ ಇಲ್ಲ. ಒಬ್ಬ ಟೀಚರಿಗೆ ಹನ್ನೊಂದೂವರೆ ಮಕ್ಕಳು! ಲಕ್ಷಗಟ್ಟಲೆ ಫೀಸು ತಗೊಳ್ಳೋ ಬೆಂಗಳೂರಿನ ಸ್ಕೂಲುಗಳಲ್ಲೂ ಇಂಥ ಅನುಪಾತ ಸುಲಭಕ್ಕೆ ಸಿಗಲ್ಲ.

ಈಗ ಅದೇ ಲೆಕ್ಕವನ್ನು ಬೇರೆ ಥರ ಮಾಡಿ ನೋಡೋಣ, ನಾವು ಇಂಜಿನಿಯರಿಂಗ್ ಓದೋರಲ್ವಾ? ದಿನಕ್ಕೆ ಐದು ಗಂಟೆ ಪಾಠ ಅಂದುಕೊಳ್ಳಿ. ಐದು ಕ್ಲಾಸಿಗೆ ಬೇಕಾದದ್ದು ಇಪ್ಪತ್ತೈದು ಗಂಟೆಯ ಪಾಠ. ಇಬ್ಬರು ಉಸಿರು ಬಿಡದೆ ಮಾಡಿದರೂ ಆಗೋದು ಹತ್ತು ಗಂಟೆ. ಒಂದು ಮಗುವಿಗೆ ಸಿಗೋದು ದಿನಕ್ಕೆ ಎರಡೇ ಗಂಟೆ. ಇಬ್ಬರಲ್ಲಿ ಒಬ್ಬರು ಮೀಟಿಂಗಿಗೆ ಹೋದರೆ, ಎಸ್‌ಎಟಿಎಸ್ ಎಂಟ್ರಿಗೆ ಕೂತರೆ, ಮೊಟ್ಟೆ-ಹಾಲಿನ ಲೆಕ್ಕ ಬರೆಯೋಕೆ ಶುರು ಮಾಡಿದರೆ ಒಂದು ಗಂಟೆ. ಉಳಿದ ಹೊತ್ತು ಮಕ್ಕಳು ಸ್ಲೇಟು ಹಿಡಿದು ಕಾಪಿ ಬರೆಯುತ್ತಾ ಕೂತಿರುತ್ತಾರೆ. ಆ ಎರಡು ದಿನ ನಾವೇ ಕಣ್ಣಾರೆ ನೋಡಿದ್ದು ಇದನ್ನೇ.

ನನ್ನ ಪ್ರಕಾರ ಸರ್ಕಾರಿ ಶಾಲೆಗಳ ವಿಷಯದಲ್ಲಿ ನಮ್ಮ ನೀತಿ ಎಡವಿರೋದು ಇಲ್ಲೇ. ನೀತಿ ಎಣಿಸೋದು ಮಕ್ಕಳ ತಲೆ. ಅಪ್ಪ-ಅಮ್ಮ ನೋಡೋದು ಕ್ಲಾಸಿನಲ್ಲಿ ಟೀಚರ್ ಇದ್ದಾರಾ ಇಲ್ವಾ ಅಂತ. ಐದು ಕ್ಲಾಸಿಗೆ ಇಬ್ಬರು ಅನ್ನೋದನ್ನು ಕಂಡ ಕೂಡಲೇ ಸಾಲ ಮಾಡಿಯಾದರೂ ಹಳದಿ ವ್ಯಾನು ಬರೋ ಸ್ಕೂಲಿಗೆ ಹಾಕುತ್ತಾರೆ. ಮಕ್ಕಳು ಕಮ್ಮಿ ಆಗುತ್ತಾರೆ. ಮಕ್ಕಳು ಕಮ್ಮಿ ಆದ ಶಾಲೆಯ ಟೀಚರ್ "ಹೆಚ್ಚುವರಿ" ಅನ್ನಿಸಿಕೊಂಡು ಬೇರೆ ಕಡೆ ಹೋಗುತ್ತಾರೆ. ಟೀಚರ್ ಹೋದ ಮೇಲೆ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಹೆಸರು. ಹೆಸರಿನಲ್ಲಷ್ಟೇ ಪಾಸಿಟಿವ್!

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳೋದು ತಪ್ಪಾಗುತ್ತೆ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ತಿಂದು ಬೆಳೆದವನು ನಾನು. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಹಾಲಿನ ಲೋಟ ಹಿಡಿದು ಕ್ಯೂ ನಿಂತಿದ್ದೂ ನೆನಪಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಂತೂ ನಮ್ಮ ರಾಜ್ಯ ಹೆಮ್ಮೆ ಪಡಬೇಕಾದ ಕೆಲಸ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ ಅದು. ಹಾಗಾಗಿ ನನ್ನ ಎರಡು ಗಂಟೆಯ ಲೆಕ್ಕ ಆ ಚಿಕ್ಕ ಮಕ್ಕಳಿಗೆ ನೇರವಾಗಿ ಅನ್ವಯಿಸಲ್ಲ, ಒಪ್ಕೋತೀನಿ. ಆದರೆ ನಲಿ-ಕಲಿಗೆ ಒಬ್ಬ ಟೀಚರ್ ಇಡೀ ದಿನ ಆ ಮಕ್ಕಳ ಜೊತೆ ಕೂತಿರಬೇಕು. ಕೂತಿರೋಕೆ ಬಿಡ್ತೀವಾ?

ಕಾಯ್ದೆಯ 27ನೇ ಸೆಕ್ಷನ್ ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು. 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಕಳಿಸಲಾಯಿತು. ಕೆಲಸ ಮುಗಿಯದಿದ್ದಾಗ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ಅದರ ಖರ್ಚನ್ನು ಸರ್ಕಾರಿ ಶಾಲೆ ಮಕ್ಕಳ ಪಾಠದ ದಿನಗಳಿಂದ ಯಾಕೆ ಕಟ್ಟಿಸಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ಇನ್ನು ಮಾಧ್ಯಮದ ವಿಷಯ. ಕನ್ನಡ ಸಂಘದ ಪತ್ರಿಕೆ ಅಂದಮೇಲೆ ಇದನ್ನು ಮುಟ್ಟದೆ ಇರೋಕಾಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯ ಕಡ್ಡಾಯ ಮಾಡುವಂತಿಲ್ಲ ಅಂತ ಹೇಳಿಬಿಟ್ಟಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ನಾವು ಪ್ರತಿಭಟನೆ ಮಾಡಿದೆವು, ಸ್ಟೇಟಸ್ ಹಾಕಿದೆವು. ಆದರೆ ಇಬ್ಬರು ಟೀಚರ್ ಇರೋ ಕಡೆ ಇನ್ನೊಂದು ಮಾಧ್ಯಮ ಸೇರಿಸಿ ಟೀಚರ್ ಸೇರಿಸದಿದ್ದರೆ ಅಲ್ಲಿ ಕನ್ನಡವೂ ಬರಲ್ಲ, ಇಂಗ್ಲಿಷೂ ಬರಲ್ಲ. ಕೋರ್ಟಿನ ದಾರಿ ಮುಚ್ಚಿದ ಮೇಲೆ ಕನ್ನಡ ಶಾಲೆಗೆ ಉಳಿದಿರೋದು ಒಂದೇ ದಾರಿ, ಅಪ್ಪ-ಅಮ್ಮ ತಾವಾಗೇ ಆರಿಸಿಕೊಳ್ಳುವಷ್ಟು ಚೆನ್ನಾಗಿರೋದು.

"ಇಪ್ಪತ್ಮೂರು ಮಕ್ಕಳಿಗೆ ಐದು ಜನ ಟೀಚರಾ? ದುಡ್ಡು ಎಲ್ಲಿಂದ ಬರುತ್ತೆ ಗುರು?" ಅಂತ ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರೋ ಕರ್ನಾಟಕ ಪಬ್ಲಿಕ್ ಸ್ಕೂಲುಗಳನ್ನು ನಾನು ಪೂರ್ತಿ ವಿರೋಧಿಸಲ್ಲ. ಅಕ್ಕಪಕ್ಕದ ಐದಾರು ಹಳ್ಳಿಗೆ ಒಂದು ದೊಡ್ಡ ಶಾಲೆ, ಕ್ಲಾಸಿಗೊಬ್ಬರು ಟೀಚರ್, ಲ್ಯಾಬು, ಆಟದ ಮೈದಾನ ಅಂದರೆ ಯಾರಿಗೆ ಬೇಡ? ಆದರೆ ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ನಿಯಮ ಮಾಡಿರೋದು ಸುಮ್ಮನೆ ಅಲ್ಲ. ಆರು ವರ್ಷದ ಹೆಣ್ಣುಮಗು ಹೆದ್ದಾರಿ ದಾಟಿ ಮೂರು ಕಿಲೋಮೀಟರ್ ನಡೆಯಲ್ಲ, ಮನೆಯಲ್ಲೇ ಉಳಿಯುತ್ತೆ. ಹಾಗಾಗಿ ಕ್ರಮ ಇಷ್ಟೇ: ಮೊದಲು ಬಸ್ಸು ಬರಲಿ, ಒಂದು ವರ್ಷ ತಪ್ಪದೆ ಓಡಲಿ, ಬೀಗದ ಮಾತು ಆಮೇಲೆ. ಬಸ್ಸು ಕಳಿಸೋಕೆ ಆಗದ ಊರಿಗೆ ತಲೆ ಎಣಿಸದೆ ಕನಿಷ್ಠ ಮೂರು ಜನ ಟೀಚರ್ ಕೊಡಲಿ: ನಲಿ-ಕಲಿಗೆ ಒಬ್ಬರು, ನಾಲ್ಕಕ್ಕೆ ಒಬ್ಬರು, ಐದಕ್ಕೆ ಒಬ್ಬರು.

ನಂದೇ ಕಥೆ ಹೇಳಿ ಮುಗಿಸ್ತೀನಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಯ ಲೆಕ್ಕದ ಮೇಷ್ಟ್ರು ವರ್ಗ ಆಗಿ ಹೋದರು. ಜೂನ್, ಜುಲೈ ಲೆಕ್ಕದ ಪೀರಿಯಡ್ಡೇ ಇರಲಿಲ್ಲ. ಆಗಸ್ಟ್‌ನಲ್ಲಿ ಒಬ್ಬರು ಅತಿಥಿ ಶಿಕ್ಷಕರು ಬಂದರು. ಭಿನ್ನರಾಶಿ ಅಂದರೆ ಏನು ಅಂತ ರೊಟ್ಟಿ ಮುರಿದು ತೋರಿಸಿದ್ದು ಅವರೇ. ಕೊಡೋ ಸಂಬಳ ಸಾಲದೆ, ಅದೂ ತಿಂಗಳು ತಿಂಗಳು ಬರದೆ, ಮರುವರ್ಷ ಅವರು ಗಾರ್ಮೆಂಟ್ಸ್‌ಗೆ ಸೂಪರ್‌ವೈಸರ್ ಆಗಿ ಹೋದರು. ಏಳನೇ ಕ್ಲಾಸಿನ ಬೀಜಗಣಿತ ನನಗೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ಮೊದಲ ಸೆಮ್‌ನಲ್ಲಿ ಎಂ-ಒನ್ ಬ್ಯಾಕ್ ಉಳಿದಾಗ ನನಗೆ ನೆನಪಾಗಿದ್ದು ಆ ಖಾಲಿ ಕುರ್ಚಿ.

ನನಗೆ ಸೀಟು ಸಿಕ್ಕಿದ್ದು ಗ್ರಾಮೀಣ ಕೋಟಾದಲ್ಲಿ. ಸಿಇಟಿಯಲ್ಲಿ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇದೆ. ಹತ್ತು ವರ್ಷ ಆದ ಅನ್ಯಾಯಕ್ಕೆ ಸರ್ಕಾರ ಕೊನೆಯಲ್ಲಿ ಕೊಡೋ ಪರಿಹಾರ ಅದು. ನನಗೆ ಅದು ಬೇಕಿತ್ತು, ತಗೊಂಡೆ, ನಾಚಿಕೆ ಇಲ್ಲ. ಆದರೆ ಆ ಆರನೇ ಕ್ಲಾಸಿನಲ್ಲಿ ನನ್ನ ಜೊತೆ ಕೂತಿದ್ದ ಹದಿನಾಲ್ಕು ಜನರಲ್ಲಿ ಸಿಇಟಿ ಬಾಗಿಲವರೆಗೆ ಬಂದವರು ಇಬ್ಬರೇ. ಉಳಿದ ಹನ್ನೆರಡು ಜನಕ್ಕೆ ಯಾವ ಕೋಟಾನೂ ಕೆಲಸಕ್ಕೆ ಬರಲಿಲ್ಲ.

ಈ ನವೆಂಬರ್‌ನಲ್ಲೂ ಶಾಲೆಗೆ ಹೋಗೋಣ. ಬಣ್ಣವನ್ನೂ ಬಳಿಯೋಣ, ತಪ್ಪೇನಿಲ್ಲ. ಜೊತೆಗೆ ಒಂದು ಕೆಲಸ ಮಾಡೋಣ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಪ್ಪ-ಅಮ್ಮಂದಿರ ಎಸ್‌ಡಿಎಂಸಿ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಕಾರ್ಯಪಡೆಯ ಸಲಹೆಯಿಂದ ಬಂದ ವ್ಯವಸ್ಥೆ ಅದು. ಆ ಸಮಿತಿಯವರ ಜೊತೆ ಕೂತು ಎಷ್ಟು ಕ್ಲಾಸು, ಎಷ್ಟು ಟೀಚರು, ಕಳೆದ ವರ್ಷ ಎಷ್ಟು ದಿನ ಟೀಚರ್ ಬೇರೆ ಕೆಲಸಕ್ಕೆ ಹೋಗಿದ್ದರು ಅಂತ ಒಂದು ಹಾಳೆಯಲ್ಲಿ ಬರೆಯೋಣ. ಅದನ್ನು ಬಿಇಒಗೂ ಶಾಸಕರಿಗೂ ಕೊಟ್ಟು ಸ್ವೀಕೃತಿ ತಗೊಳ್ಳೋಣ. ನಮ್ಮಲ್ಲಿ ಬಹಳ ಜನಕ್ಕೆ ಈಗ ವೋಟಿದೆ ಅನ್ನೋದು ಅವರಿಗೂ ಗೊತ್ತು.

ಆ ಹಾಳೆಯ ಫೋಟೋನೂ ಇನ್‌ಸ್ಟಾಗೆ ಹಾಕೋಣ. ಲೈಕ್ ಕಮ್ಮಿ ಬರಬಹುದು, ಪರವಾಗಿಲ್ಲ.